ಚಳಿಯಲ್ಲಿ ಪೆಟ್ರೋಲಿನ ವ್ಯಯ

ನಮ್ಮ ಸೋದರಳಿಯನು ಅಮೆರಿಕಾ ದೇಶದ ಮಿನೆಸೋಟಾದಲ್ಲಿರುವನು. ಬಲವು ಹೆಚ್ಚಲೆಂದು ತನ್ನ ಟರ್ಬೋ ಕಾರಿನ ಎಂಜಿನ್ನನ್ನು ಒಬ್ಬ ಮೆಕ್ಯಾನಿಕನಿಂದ ಟ್ಯೂನ್ ಮಾಡಿಸಿದ್ದನು. ನವೆಂಬರಿನಲ್ಲಿ ಹಿಮ ಬೀಳತೊಡಗಿದೊಡನೆ ಪೆಟ್ರೋಲಿನ ವ್ಯಯವು ಏರಿತಂತೆ. “ಮಾವ, ಆತನು ನನ್ನನ್ನು ವಂಚಿಸಿದನು, ಉಳಿದ ಹಣವನ್ನು ಕೊಡೆನು” ಎಂದು ಬರೆದನು.

ವ್ಯಾಕರಣ ಕಲಿಸಿದ ನಮಗೆ ಎಂಜಿನ್ನಿನ ಶಾಸ್ತ್ರವೆಲ್ಲಿಯದು? ಆದರೂ ಕಾರಣವನ್ನು ವಿಚಾರಿಸದೆ ಕರ್ತೃವನ್ನು ದೂಷಿಸುವುದು ನ್ಯಾಯವಲ್ಲವೆಂದು ಓದಿ ನೋಡಿದೆವು. ಆ ದೇಶದ ಇಂಧನ ಇಲಾಖೆಯ ಲೆಕ್ಕದಂತೆ, ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಸಾಧಾರಣ ಕಾರಿನ ಮೈಲೇಜೇ ಪೇಟೆಯ ಓಡಾಟದಲ್ಲಿ, 25 ಡಿಗ್ರಿಯಲ್ಲಿರುವುದಕ್ಕಿಂತ ನೂರಕ್ಕೆ 15ರಷ್ಟು ತಗ್ಗುವುದು. ಮೂರು ನಾಲ್ಕು ಮೈಲಿಯ ಪಯಣದಲ್ಲಿ 24ರವರೆಗೂ ತಗ್ಗಬಹುದು. ಎಣ್ಣೆ ಮಂದವಾಗುವುದು, ಟೈರಿನ ಗಾಳಿಯ ಒತ್ತಡ ಕುಗ್ಗುವುದು, ಎಂಜಿನ್ ಬಿಸಿಯೇರುವವರೆಗೂ ಪೆಟ್ರೋಲನ್ನು ಅಧಿಕವಾಗಿ ಬೆರಸಬೇಕಾಗುವುದು. ಶೀತವಾಯುವು ಸಾಂದ್ರವಾದುದರಿಂದ, ಬಲಕ್ಕಾಗಿ ಟ್ಯೂನ್ ಮಾಡಿದ ಎಂಜಿನ್ನು ವೇಗದಲ್ಲಿ ಅದನ್ನು ಹೆಚ್ಚಾಗಿ ಸೆಳೆದು, ಅದಕ್ಕೆ ತಕ್ಕ ಪೆಟ್ರೋಲನ್ನೂ ಬೇಡುವುದು. ಬಲವಿದ್ದಲ್ಲಿ ತುಳಿಯುವ ಕಾಲಿಗೂ ಚಪಲವುಂಟು! ಇವನ ಕಚೇರಿಯೋ ಮೂರೇ ಮೈಲಿ. ಅದಕ್ಕೂ ಮೊದಲು ಇಪ್ಪತ್ತು ನಿಮಿಷ ಎಂಜಿನ್ನನ್ನು ನಿಂತಲ್ಲಿಯೇ ಓಡಿಸುವನಂತೆ! ಅರ್ಧ ನಿಮಿಷವೇ ಸಾಕು. ಬಳಿಕ ಮೆಲ್ಲನೆ ನಡೆಸಿದರೆ ಬೇಗನೆ ಬಿಸಿಯೇರುವುದು.

ಹೀಗೆಂದು ಬರೆದು, ಟೈರಿಗೆ ಗಾಳಿ ಹಾಕಿಸಿ ಹದಿನೈದು ದಿನ ಲೆಕ್ಕವಿಡಲು ಹೇಳಿದೆವು. ಉತ್ತರ ಬಂದಿದೆ. ವ್ಯಯವು ಬೇಸಗೆಯಷ್ಟಕ್ಕೆ ಇಳಿಯದಿದ್ದರೂ ತಗ್ಗಿರುವುದಂತೆ. ಮೆಕ್ಯಾನಿಕನ ಬಾಕಿಯನ್ನು ತೀರಿಸಿರುವನು. ಆಡಿದ ಮಾತಿಗೆ ಕ್ಷಮೆ ಕೇಳಿದನೋ ಇಲ್ಲವೋ, ಬರೆದಿಲ್ಲ.