ಉತ್ತರ ಸೋಯಾ ಡಬ್ಬಿಯಲ್ಲಿಲ್ಲ

ಸೋಯಾ ತಿಂದರೆ ಸ್ತನ ಕ್ಯಾನ್ಸರ್ ಬರುತ್ತದೆ ಎನ್ನುವವರಿದ್ದಾರೆ. ತಿಂದರೆ ಬರುವುದೇ ಇಲ್ಲ ಎನ್ನುವವರೂ ಇದ್ದಾರೆ. ಎರಡೂ ಮಾತುಗಳು ಈಗ ಮೊಬೈಲ್ ಮೂಲಕ ಚಾಮರಾಜನಗರ, ಗುಂಡ್ಲುಪೇಟೆಯ ಮನೆಗಳಿಗೆ ತಲುಪುತ್ತಿವೆ. ನಾನು ವೈದ್ಯನಲ್ಲ. ಆದರೆ ಅರ್ಥಶಾಸ್ತ್ರ ಓದಿ ಆಡಳಿತದಲ್ಲಿ ವರ್ಷಗಳನ್ನು ಕಳೆದವನಿಗೆ, ಅಂಕಿಅಂಶ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಅಪರಿಚಿತ ಪ್ರಶ್ನೆಯೇನಲ್ಲ.

ಗೊಂದಲದ ಮೂಲ ಹೆಸರಿನಲ್ಲೇ ಇದೆ. ಸೋಯಾದಲ್ಲಿರುವ ಐಸೊಫ್ಲೇವೋನ್, ಅಗಸೆ ಮತ್ತು ಎಳ್ಳಿನಲ್ಲಿರುವ ಲಿಗ್ನಾನ್ ಎಂಬ ರಾಸಾಯನಿಕಗಳನ್ನು ಸಸ್ಯಜನ್ಯ ಈಸ್ಟ್ರೋಜೆನ್ ಎನ್ನುತ್ತಾರೆ. ಇವುಗಳ ರಚನೆ ಸ್ತ್ರೀಯರ ದೇಹದ ಈಸ್ಟ್ರೋಜೆನ್ ಹಾರ್ಮೋನನ್ನು ಹೋಲುತ್ತದೆ. ಪ್ರಭಾವ ಮಾತ್ರ ಬಹಳ ದುರ್ಬಲ. ಹಲವು ಸ್ತನ ಕ್ಯಾನ್ಸರ್‌ಗಳು ಈಸ್ಟ್ರೋಜೆನ್ನಿನಿಂದಲೇ ಬೆಳೆಯುವುದರಿಂದ ಭಯ ಹುಟ್ಟಿತು. ದುರ್ಬಲ ಹಾರ್ಮೋನು ಪ್ರಬಲ ಹಾರ್ಮೋನಿನ ಜಾಗವನ್ನು ಆಕ್ರಮಿಸಿ ಅದನ್ನು ತಡೆಯಬಹುದೆಂಬ ತರ್ಕದಿಂದ ಭರವಸೆಯೂ ಹುಟ್ಟಿತು.

ಶಾಂಘೈ ನಗರದ 73 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹದಿಹರೆಯದಿಂದಲೂ ಸೋಯಾ ಆಹಾರ ಹೆಚ್ಚು ಸೇವಿಸಿದವರಲ್ಲಿ ಮುಟ್ಟು ನಿಲ್ಲುವ ಮುನ್ನ ಬರುವ ಸ್ತನ ಕ್ಯಾನ್ಸರ್ ಕಡಿಮೆಯಿತ್ತು. ಅದೇ ವರ್ಷ ಅದೇ ನಗರದ 5,042 ರೋಗಿಗಳ ಅಧ್ಯಯನದಲ್ಲಿ, ಅತಿ ಹೆಚ್ಚು ಸೋಯಾ ಸೇವಿಸುತ್ತಿದ್ದವರ ಸಾವಿನ ಅಪಾಯ ಅತಿ ಕಡಿಮೆ ಸೇವಿಸುತ್ತಿದ್ದವರಿಗಿಂತ ಸುಮಾರು ಶೇ 29ರಷ್ಟು ಕಡಿಮೆಯಿತ್ತು. ಆಹಾರವಾಗಿ ಸೋಯಾ ಅಪಾಯಕಾರಿ ಎಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ.

ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಬಾಲ್ಯದಿಂದ ತಿಂದ ತೋಫುವಿನ ಫಲಿತಾಂಶವನ್ನು ಐವತ್ತನೇ ವಯಸ್ಸಿನಲ್ಲಿ ಕೊಂಡ ಮಾತ್ರೆಗೋ ಪುಡಿಗೋ ಅನ್ವಯಿಸಲಾಗದು. ನಮ್ಮ ಸೀಮೆಯ ಹುರುಳಿ, ಅವರೆ, ಅಲಸಂದೆಗಳಲ್ಲಿ ಐಸೊಫ್ಲೇವೋನ್ ಸೋಯಾಕ್ಕಿಂತ ಬಹಳ ಕಡಿಮೆ. ಹುರುಳಿ ಸಾರು, ಎಳ್ಳು, ಹುಚ್ಚೆಳ್ಳಿನ ಚಟ್ನಿಪುಡಿ ಪ್ರೋಟೀನು, ನಾರಿನಂಶ, ಖನಿಜಗಳಿಗಾಗಿ ತಟ್ಟೆಯಲ್ಲಿರಬೇಕು. ಅವು ಆಹಾರ, ಔಷಧವೆಂದು ಮಾರುವುದು ಬೇಡ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆಡೆ ಇದೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ಪ್ರತಿ 12 ತಿಂಗಳ ಸ್ತನ್ಯಪಾನಕ್ಕೆ ಅಪಾಯ ಶೇ 4.3ರಷ್ಟು ತಗ್ಗುತ್ತದೆ ಎಂದು ತೋರಿಸಿತು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಕೂಲಿಗೆ ಮರಳಬೇಕಾದ ತಾಯಿಗೆ ಆ ಅವಕಾಶವೇ ಸಿಗುವುದಿಲ್ಲ. ಹೀಗಾಗಿ ಹೆರಿಗೆ ಭತ್ಯೆಯೂ ಕ್ಯಾನ್ಸರ್ ನೀತಿಯ ಭಾಗವೇ.

ಎಲ್ಲಕ್ಕಿಂತ ದೊಡ್ಡ ಕೊರತೆ ಪತ್ತೆಯಲ್ಲಿದೆ. ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂತು. ಸುಮಾರು 98 ಸಾವಿರ ಮಂದಿ ಸತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡಿದ್ದ 30-49 ವಯಸ್ಸಿನವರು ದೇಶದಲ್ಲಿ ಶೇ 1ರಷ್ಟೂ ಇರಲಿಲ್ಲ. 30 ದಾಟಿದವರ ತಪಾಸಣೆಗೆ ಕೇಂದ್ರದ ಮಾರ್ಗಸೂಚಿ 2016ರಲ್ಲೇ ಬಂದಿತ್ತು.

ಇದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಮುಂಬೈನ ಟಾಟಾ ಸ್ಮಾರಕ ಕೇಂದ್ರವು ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮಾಡಿದ ಪರೀಕ್ಷೆ ರೋಗವನ್ನು ಮುಂಚಿನ ಹಂತದಲ್ಲೇ ಪತ್ತೆ ಮಾಡಿತು. 50 ದಾಟಿದವರಲ್ಲಿ ಸಾವು ಶೇ 30ರಷ್ಟು ತಗ್ಗಿತು. ಅದಕ್ಕಿಂತ ಕಿರಿಯರಲ್ಲಿ ಸಾವು ತಗ್ಗಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಇವೆರಡರ ನಡುವಣ ಕೊಂಡಿಯೇ ಮುಖ್ಯ. ಗುಂಡ್ಲುಪೇಟೆಯ ಕೂಲಿ ಹೆಣ್ಣುಮಗಳಿಗೆ ಮೈಸೂರು ಸುಮಾರು 60 ಕಿಲೋಮೀಟರ್. ಹೋಗಿಬರುವುದೆಂದರೆ ಒಂದು ದಿನದ ಕೂಲಿ ನಷ್ಟ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾದರೆ ಹಲವು ದಿನಗಳದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಈ ದೂರ ಇನ್ನೂ ಹೆಚ್ಚು. ನೋವಿಲ್ಲದ ಗಂಟನ್ನು ಆಕೆ ಮುಂದೂಡುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ.

ಸಂತೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಹಿಳಾ ಸಿಬ್ಬಂದಿಯಿಂದ ಪರೀಕ್ಷೆ, ಗಂಟು ಕಂಡವರಿಗೆ ಬಸ್ ಖರ್ಚು ಮತ್ತು ಕೂಲಿ ಪರಿಹಾರ, ಜಿಲ್ಲೆಯಲ್ಲೇ ಬಯಾಪ್ಸಿ: ಇಷ್ಟು ಸಾಧ್ಯ. ಸೇವೆಯಲ್ಲಿದ್ದಾಗ ನಾನು ಕಲಿತ ಪಾಠವೊಂದಿದೆ: ಮಾಸಿಕ ಪರಿಶೀಲನೆಯಲ್ಲಿ ಯಾವ ಅಂಕಿ ಕೇಳುತ್ತಾರೋ ಆ ಕೆಲಸ ನಡೆಯುತ್ತದೆ. ಎಷ್ಟು ಶಿಬಿರ ನಡೆದವು ಎಂದು ಕೇಳುವುದು ಸಾಲದು. ಗಂಟು ಕಂಡ ದಿನದಿಂದ ಚಿಕಿತ್ಸೆ ಆರಂಭವಾಗುವವರೆಗೆ ಎಷ್ಟು ದಿನ ಹಿಡಿಯಿತು ಎಂದು ಜಿಲ್ಲಾಡಳಿತ ಪ್ರತಿ ತಿಂಗಳೂ ಕೇಳಲಿ.