ನಿಪ್ಪಟ್ಟು ಇಬ್ಬರ ಕೆಲಸ

ದೀಪಾವಳಿಗೆ ಎರಡು ವಾರ ಇರುವಾಗ ಕೋಥರೂಡಿನ ಕಿರಾಣಿ ಅಂಗಡಿಗಳಲ್ಲಿ ನಿಪ್ಪಟ್ಟಿನ ಸಾಮಾನು ಕೊಳ್ಳಲು ಬಂದ ಕನ್ನಡಿಗರನ್ನು ಗುರುತಿಸುವುದು ಸುಲಭ. ಅವರು ಹುರಿಗಡಲೆಯ ಹತ್ತಿರ ಬಂದು ತೊಡರುತ್ತಾರೆ. ಹುರಿಗಡಲೆ ಎಂದರೆ ಅಂಗಡಿಯವನಿಗೆ ತಿಳಿಯದು. ಧಾರವಾಡದ ಕಡೆಯವರು ಪುಟಾಣಿ ಎಂದು ಕೇಳಿದರೆ ಆತ ಸಿಪ್ಪೆ ಇರುವ ಹುರಿದ ಕಡಲೆಯನ್ನು, ಅಂದರೆ ಮರಾಠಿಯ ‘ಫುಟಾಣೆ’ಯನ್ನು ತೂಗಿ ಕೊಡುತ್ತಾನೆ. ನಮಗೆ ಬೇಕಾದದ್ದಕ್ಕೆ ಅಲ್ಲಿ ‘ಪಂಢರಪುರಿ ಡಾಳ’ ಎನ್ನಬೇಕು. ಮೆಣಸಿನಕಾಯಿಯ ವಿಷಯದಲ್ಲಿ ಈ ತಾಪತ್ರಯವಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಪುಣೆಗೆ ಬಂದು ‘ಬೇಡಗಿ’ ಆಗಿದೆ, ಅಷ್ಟೇ. ಅಕ್ಕಿ ಹಿಟ್ಟು, ಕಡಲೆಕಾಯಿ ಬೀಜ, ಎಳ್ಳು, ಕರಿಬೇವು, ಇಂಗು ಎಲ್ಲವೂ ಅದೇ ಅಂಗಡಿಯಲ್ಲಿ ಸಿಗುತ್ತವೆ.

ಸಾಮಾನೆಲ್ಲ ಇದೆ, ನಿಪ್ಪಟ್ಟು ಮಾತ್ರ ಮನೆಗಳಿಂದ ಮರೆಯಾಗುತ್ತಿದೆ. ಯಾಕೆ ಎಂದು ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಈಗಿನವರಿಗೆ ತಾಳ್ಮೆ ಇಲ್ಲ ಎನ್ನುವುದು ಒಂದು, ಎಲ್ಲವೂ ಪ್ಯಾಕೆಟ್ಟಿನಲ್ಲಿ ಸಿಗುವಾಗ ಯಾರು ಎಣ್ಣೆಯ ಮುಂದೆ ನಿಲ್ಲುತ್ತಾರೆ ಎನ್ನುವುದು ಇನ್ನೊಂದು. ಮೊದಲನೆಯದು ಬೈಗುಳ, ಎರಡನೆಯದು ಸಮಾಧಾನ. ಎರಡೂ ನಿಪ್ಪಟ್ಟನ್ನು ಸರಿಯಾಗಿ ನೋಡಿದ ಉತ್ತರಗಳಲ್ಲ.

ಪ್ಯಾಕೆಟ್ಟಿನ ಮಾತನ್ನೇ ಮೊದಲು ತೆಗೆದುಕೊಳ್ಳಬಹುದು. ಮರಾಠಿಯಲ್ಲಿ ಕರಿದ ತಿಂಡಿಗೆ ಎರಡು ಬೇರೆ ಬೇರೆ ಗುಣವಾಚಕಗಳಿವೆ. ‘ಕುರಕುರೀತ’ ಎಂದರೆ ಕಟುಂ ಎಂದು ಮುರಿಯುವುದು. ‘ಖುಸಖುಶೀತ’ ಎಂದರೆ ಹಲ್ಲು ತಾಗಿದ ಕೂಡಲೇ ಒಳಗಿನಿಂದ ಪುಡಿಯಾಗಿ ಕುಸಿಯುವುದು. ಕನ್ನಡದಲ್ಲಿ ನಾವು ಎರಡಕ್ಕೂ ಗರಿಗರಿ ಎಂದೇ ಹೇಳಿ ಮುಗಿಸುತ್ತೇವೆ. ಒಳ್ಳೆಯ ನಿಪ್ಪಟ್ಟು ಎರಡನೆಯ ಜಾತಿಯದು. ಹಿಟ್ಟಿಗೆ ಕಾಯಿಸಿದ ಎಣ್ಣೆ ಸುರಿಯುವುದು ಇದಕ್ಕಾಗಿಯೇ. ಆ ಎಣ್ಣೆ ಹಿಟ್ಟಿನ ಕಣಕಣಕ್ಕೂ ಅಂಟಿ, ಅವು ಒಂದಕ್ಕೊಂದು ಗಟ್ಟಿಯಾಗಿ ಬೆಸೆಯದಂತೆ ತಡೆಯುತ್ತದೆ. ಮರಾಠಿಯವರು ಇದಕ್ಕೆ ‘ಮೋಹನ’ ಎಂಬ ಚಂದದ ಹೆಸರಿಟ್ಟಿದ್ದಾರೆ. ಎರಡು ಲೋಟ ಅಕ್ಕಿ ಹಿಟ್ಟು, ಅರ್ಧ ಲೋಟ ಹುರಿಗಡಲೆ ಪುಡಿಗೆ ಮೂರು ಚಮಚೆಯಷ್ಟು ಕಾದ ಎಣ್ಣೆ ಸಾಕು. ಕಡಿಮೆಯಾದರೆ ನಿಪ್ಪಟ್ಟು ಬಿಲ್ಲೆಕಲ್ಲು. ಹೆಚ್ಚಾದರೆ ಬಾಣಲೆಯಲ್ಲೇ ಬಿಚ್ಚಿಕೊಂಡು ಎಣ್ಣೆಯ ತಳ ಸೇರುತ್ತದೆ. ಸರಿಯಾದ ನಿಪ್ಪಟ್ಟು ಈ ಎರಡರ ನಡುವಿನ ಬಹಳ ಇಕ್ಕಟ್ಟಾದ ಜಾಗದಲ್ಲಿ, ಇನ್ನೇನು ಮುರಿದೇ ಹೋಯಿತು ಎನ್ನುವಂತೆ ಇರುತ್ತದೆ.

ಹಾಗೆ ಇರುವ ವಸ್ತು ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್ ಲಾರಿಯಲ್ಲಿ ಕುಲುಕಿಕೊಂಡು ಬಂದು ಇಡಿಯಾಗಿ ಉಳಿಯುವುದಿಲ್ಲ. ದೂರ ಸಾಗಬೇಕಾದ ನಿಪ್ಪಟ್ಟನ್ನು ದಪ್ಪ ತಟ್ಟಬೇಕು, ಬಿಗಿಗೆ ಮೈದಾ ಬೆರೆಸಬೇಕು, ಮೋಹನದಲ್ಲಿ ಕೈ ಹಿಡಿಯಬೇಕು. ಮಾರುವವರದ್ದು ಇದರಲ್ಲಿ ಮೋಸವೇನಿಲ್ಲ, ಪ್ರಯಾಣದ ಲೆಕ್ಕ ಅಷ್ಟೇ. ಪುಣೆಯ ಹೆಮ್ಮೆಯಾದ ಚಿತಳೆಯವರ ಬಾಕರವಡಿಯನ್ನು ನೋಡಿ. ಒಣ ಮಸಾಲೆ, ಸುತ್ತ ಗಟ್ಟಿ ಕವಚ, ಗುಂಡು ಆಕಾರ. ಸೂಟ್‌ಕೇಸಿನ ಮೂಲೆಯಲ್ಲಿ ಅಮೆರಿಕಕ್ಕೆ ಹೋಗಿ ಇಳಿದರೂ ಅದು ಬಾಕರವಡಿಯೇ. ನಿಪ್ಪಟ್ಟಿಗೆ ಆ ಮೈಕಟ್ಟು ಇಲ್ಲ. ಚೆನ್ನಾಗಿದ್ದಷ್ಟೂ ಅದು ಪ್ರಯಾಣಕ್ಕೆ ಒಗ್ಗದು. ಚಕ್ಕುಲಿಗೆ ಕೋಥರೂಡಿನಲ್ಲಿ ಚಕಲಿ ಇದೆ, ಕೋಡುಬಳೆಗೆ ಕಡಬೋಳಿ ಎಂಬ ಸೋದರಿ ಇದ್ದಾಳೆ, ನೆರೆಮನೆಯ ಫರಾಳದ ತಟ್ಟೆಯಲ್ಲಿ ಎರಡೂ ಬಂದುಬಿಡುತ್ತವೆ. ನಿಪ್ಪಟ್ಟಿಗೆ ಮಾತ್ರ ಅಷ್ಟು ಹತ್ತಿರದ ನೆಂಟರಿಲ್ಲ. ಹಾಗಾಗಿ ಅಲ್ಲಿ ಒಳ್ಳೆಯ ನಿಪ್ಪಟ್ಟು ಬೇಕೆಂದರೆ ಅಲ್ಲಿಯೇ, ಯಾರಾದರೂ ಕೂತು ತಟ್ಟಬೇಕು.

ಇನ್ನು ತಾಳ್ಮೆಯ ಮಾತು. ನಿಪ್ಪಟ್ಟು ಕೇಳುವುದು ತಾಳ್ಮೆಯನ್ನಲ್ಲ, ಇನ್ನೊಂದು ಜೊತೆ ಕೈಗಳನ್ನು. ಕೆಲಸ ನಡೆಯುವ ರೀತಿಯನ್ನು ಗಮನಿಸಿದರೆ ಇದು ತಿಳಿಯುತ್ತದೆ. ಹಿಟ್ಟನ್ನು ಒಮ್ಮೆಗೇ ಕಲಸಿಡುವಂತಿಲ್ಲ. ಕಲಸಿದ್ದು ಹೊತ್ತು ಕಳೆದರೆ ಒಣಗಿ ಅಂಚು ಬಿರಿಯುತ್ತದೆ. ಒಣಹಿಟ್ಟಿನ ಮಿಶ್ರಣದಿಂದ ಆಗಾಗ ಒಂದೊಂದು ಹಿಡಿ ತೆಗೆದು, ನೀರು ಚಿಮುಕಿಸಿ, ಉಂಡೆ ಕಟ್ಟಿ, ಕತ್ತರಿಸಿ ಬಿಡಿಸಿದ ಹಾಲಿನ ಪ್ಯಾಕೆಟ್ಟಿನ ಮೇಲೆ ತಟ್ಟಬೇಕು. ಪೂರಿಯ ಹಾಗೆ ಉಬ್ಬದಿರಲು ಮುಳ್ಳುಚಮಚದಿಂದ ಚುಚ್ಚಬೇಕು. ಅತ್ತ ಎಣ್ಣೆ ಕಾಯುತ್ತಾ ಇರುತ್ತದೆ. ಹಾಕಿದ ತಕ್ಷಣ ಏಳುವ ಗುಳ್ಳೆ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಡುವ ಸದ್ದು. ಆ ಸದ್ದು ಅಡಗುವವರೆಗೆ ಸಣ್ಣ ಉರಿಯಲ್ಲಿ ಕಾದರೆ ಮಾತ್ರ ನಿಪ್ಪಟ್ಟು ವಾರಗಟ್ಟಲೆ ಮೆತ್ತಗಾಗದು. ಬಣ್ಣ ಬಂತೆಂದು ಬೇಗ ತೆಗೆದರೆ ಮರುದಿನವೇ ಜೋತುಬೀಳುತ್ತದೆ.

ಒಬ್ಬರೇ ಮಾಡಿದರೆ ಏನಾಗುತ್ತದೆ? ತಟ್ಟುತ್ತಾ ಕೂತಾಗ ಎಣ್ಣೆ ಹೊಗೆಯಾಡುತ್ತದೆ, ಎಣ್ಣೆಯ ಬಳಿ ನಿಂತಾಗ ತಟ್ಟಿದ್ದು ಒಣಗುತ್ತದೆ. ಅರ್ಧ ಕಿಲೋ ಹಿಟ್ಟು ಮುಗಿಯುವಷ್ಟರಲ್ಲಿ ಮೂರು ತಾಸು, ಮೊಣಕಾಲು ನೋವು, ಮೇಲೆ ಒಂದು ಪಾಲು ಕರಕಲು. ಇಬ್ಬರಿದ್ದರೆ ಅದೇ ಕೆಲಸ ಮಾತಾಡುತ್ತಾ ಮುಗಿಯುತ್ತದೆ. ಹಳೆಯ ಮನೆಗಳಲ್ಲಿ ಅತ್ತೆ ಬಾಣಲೆಯ ಮುಂದೆ, ಸೊಸೆಯಂದಿರು ತಟ್ಟುವುದಕ್ಕೆ, ಮಕ್ಕಳು ಚುಚ್ಚುವುದಕ್ಕೆ ಎಂದು ಇದ್ದದ್ದು ಸಂಪ್ರದಾಯದ ಸೊಬಗಿಗಲ್ಲ, ಕೆಲಸವೇ ಹಾಗಿತ್ತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹುರಿಗಡಲೆ ಇದೆ, ಗ್ಯಾಸ್ ಇದೆ, ಆ ಎರಡನೆಯವರು ಇಲ್ಲ.

ಇಲ್ಲ ಎಂದರೆ ಮನೆಯಲ್ಲಿಲ್ಲ ಎಂದಲ್ಲ. ಪಕ್ಕದ ಕೋಣೆಯಲ್ಲಿ ಇರುತ್ತಾರೆ.

ಕೋಥರೂಡಿಗೆ ಸಾಗುವ ಮುಖ್ಯ ರಸ್ತೆಗೆ ಕರ್ವೆಯವರ ಹೆಸರಿದೆ. ಮಹರ್ಷಿ ಧೋಂಡೋ ಕೇಶವ ಕರ್ವೆ 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು. ಅದು ಆಮೇಲೆ ಕೋಥರೂಡಿನ ಪಕ್ಕದ ಹಿಂಗಣೆಗೆ ಬಂತು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. ಹೆಣ್ಣುಮಕ್ಕಳು ಓದಿದರು, ದುಡಿಯಲು ಹೊರಟರು. ಅಡುಗೆಮನೆಯಲ್ಲಿ ತೆರವಾದ ಜಾಗಕ್ಕೆ ಗಂಡುಮಕ್ಕಳು ಬರಬೇಕೆಂದು ಮಾತ್ರ ಯಾವ ಶಾಲೆಯೂ ಹೇಳಿಕೊಡಲಿಲ್ಲ. ಮುಂಬೈಯ ಗಿರಗಾವಿನಲ್ಲಿ 1959ರಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು, ಅದು ಲಿಜ್ಜತ್ ಆಯಿತು. ಅವರು ಒಟ್ಟಾಗಿ ಕೂತಿದ್ದರು, ಮತ್ತು ಲಟ್ಟಿಸಿದ್ದಕ್ಕೆ ಕೂಲಿ ಇತ್ತು. ಮನೆಯ ನಿಪ್ಪಟ್ಟಿಗೆ ಸಿಗುವ ಕೂಲಿ ‘ಅಮ್ಮನ ಕೈರುಚಿ’ ಎಂಬ ಹೊಗಳಿಕೆ. ಕೈರುಚಿ ಎಂದುಬಿಟ್ಟರೆ ಅದನ್ನು ಕಲಿಯುವ ಹೊಣೆ ಯಾರಿಗೂ ಇರುವುದಿಲ್ಲ. ಅದು ಆ ಕೈಯೊಂದಿಗೆ ಹುಟ್ಟಿದ್ದು, ಆ ಕೈಯೊಂದಿಗೇ ಹೋಗತಕ್ಕದ್ದು.

ಮೈಸೂರಿನಿಂದಲೋ ಹಾಸನದಿಂದಲೋ ಮಗನ ಮನೆಗೆಂದು ಎರಡು ತಿಂಗಳಿಗೆ ಬರುವ ತಾಯಂದಿರ ಕತೆ ಕೋಥರೂಡಿನ ಸೊಸೈಟಿಗಳಲ್ಲಿ ಸಾಮಾನ್ಯ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಭಾಷೆ ಬಾರದ ಊರಿನಲ್ಲಿ ಹೊತ್ತು ಹೋಗಬೇಕು, ಮಗನಿಗೆ ಇಷ್ಟ ಬೇರೆ. ಒಬ್ಬರೇ ನಿಂತು ಎರಡು ಡಬ್ಬಿ ತುಂಬಿಸುತ್ತಾರೆ. ಸಂಜೆ ಬಂದ ಮಗ ಒಂದು ಮುರಿದು ಬಾಯಿಗೆ ಹಾಕಿಕೊಂಡು, “ಯಾಕಮ್ಮ ಇಷ್ಟೆಲ್ಲ ಕಷ್ಟಪಟ್ಟೆ” ಎನ್ನುತ್ತಾನೆ. ಒಳ್ಳೆಯ ಮಾತೇ. ಆದರೆ ಅದೇ ಮಾತನ್ನು ಭಾನುವಾರ ಬೆಳಿಗ್ಗೆ, “ನಾನು ತಟ್ಟುತ್ತೇನೆ, ನೀನು ಕರಿ” ಎಂದು ಹೇಳಬಹುದಿತ್ತು. ಆಗ ಡಬ್ಬಿಯೂ ತುಂಬುತ್ತಿತ್ತು, ಹಿಟ್ಟಿನ ಹದ ಎಂದರೆ ಏನೆಂದು ಅವನ ಬೆರಳಿಗೂ ಗೊತ್ತಾಗುತ್ತಿತ್ತು. ಆ ಹದ ಬರೆದಿಡಲು ಬಾರದು. ಅಕ್ಕಿ ಹಳೆಯದೋ ಹೊಸದೋ, ಹಿಟ್ಟು ಗಿರಣಿಯದೋ ಪ್ಯಾಕೆಟ್ಟಿನದೋ ಎನ್ನುವುದರ ಮೇಲೆ ನೀರು ಬದಲಾಗುತ್ತದೆ.

ಇಷ್ಟೆಲ್ಲ ಯಾಕೆ, ಹೇಳಿಮಾಡಿಸಿದರಾಯಿತು ಎನ್ನುವವರಿದ್ದಾರೆ. ಆಗಲಿ. ಹತ್ತಿರದಲ್ಲೇ ಯಾರಾದರೂ ಕನ್ನಡದ ಹೆಂಗಸು ಮನೆಯಲ್ಲಿ ಮಾಡಿಕೊಡುತ್ತಾರೆಂದರೆ ಅದು ಲಾರಿ ಹತ್ತಿ ಬರುವ ಪ್ಯಾಕೆಟ್ಟಿಗಿಂತ ಎಷ್ಟೋ ಮೇಲು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರಬಹುದಾದ ದೂರಕ್ಕೆ ನಿಪ್ಪಟ್ಟು ತಡೆಯುತ್ತದೆ. ಆದರೆ ಆಕೆ ಹೇಳಿದ ದರಕ್ಕೆ, “ಮನೇಲಿ ಮಾಡಿದ್ದಕ್ಕೆ ಇಷ್ಟಾ?” ಎಂದು ಚೌಕಾಸಿ ಮಾಡಬಾರದು. ಮನೆಯಲ್ಲಿ ಮಾಡಿದ್ದಕ್ಕೇ ಅಷ್ಟು. ಮೂರು ತಾಸು ಎಣ್ಣೆಯ ಮುಂದೆ ನಿಂತು ನೋಡಿದವರು ಆ ಪ್ರಶ್ನೆ ಕೇಳುವುದಿಲ್ಲ. ಚೌಕಾಸಿ ಮಾಡುವವರು ಸಾಮಾನ್ಯವಾಗಿ ಎಂದೂ ನಿಂತಿಲ್ಲದವರು.

ಮೊದಲ ಸಲ ತಟ್ಟಿದ ಮಗನ ನಿಪ್ಪಟ್ಟು ಒಂದು ಕಡೆ ದಪ್ಪ, ಒಂದು ಕಡೆ ತೆಳು. ತೆಳುವಾದ ಅಂಚು ಕಂದಿದಾಗಲೂ ದಪ್ಪ ಭಾಗ ಬೆಂದಿರುವುದಿಲ್ಲ. ಮುಂದಿನ ವರ್ಷ ಅಮ್ಮ ಬರಲಾಗದೆ ಗಂಡಹೆಂಡತಿ ಇಬ್ಬರೇ ಮಾಡುವಾಗ ವಿಡಿಯೊ ಕರೆಯಲ್ಲಿ ಬಣ್ಣ ತೋರಿಸಲು ನೋಡುತ್ತಾರೆ. ಟ್ಯೂಬ್‌ಲೈಟಿನ ಬೆಳಕಿಗೆ ಫೋನಿನಲ್ಲಿ ಎಲ್ಲವೂ ಹಳದಿಯಾಗಿ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಅನುಭವಸ್ಥರು ಹೇಳುವುದು ಒಂದೇ: ಬಣ್ಣ ಬಿಡು, ಫೋನನ್ನು ಬಾಣಲೆಯ ಹತ್ತಿರ ಹಿಡಿ. ಆ ಕಡೆ ಮೈಸೂರಿನಲ್ಲಿ ಕಿವಿಗೊಟ್ಟು ಕೂತವರಿಗೆ ಎಣ್ಣೆಯ ಸದ್ದು ಕೇಳುತ್ತದೆ. ಇನ್ನೂ ಇಲ್ಲ, ಇನ್ನೂ ಇಲ್ಲ, ಹ್ಞಾಂ, ಈಗ ತೆಗಿ.