ದೆವ್ವದ ಹೇಳಿಕೆ ಬರ್ಕೊಂಡ ಪೊಲೀಸಪ್ಪ



ಹೋದ ಭಾನುವಾರ ಗುಬ್ಬಿಯಲ್ಲಿ ನಮ್ಮ ಸಭೆ ಮುಗಿಸಿ ಏಳುವಾಗ ನನ್ನ ಬ್ಯಾಗಿಂದ ಒಂದು ಇಂಗ್ಲಿಷ್ ಕಾದಂಬರಿ ಜಾರಿಬಿತ್ತು. ಬೆನ್ ಆರೊನೊವಿಚ್ ಬರೆದ ‘ರಿವರ್ಸ್ ಆಫ್ ಲಂಡನ್’, 2011ರದ್ದು. ಹಿರಿಯ ಸಂಗಾತಿಯೊಬ್ಬರು ಅದರ ಬೆನ್ನು ಓದಿ, “ಏನಪ್ಪಾ ಇದು, ದೆವ್ವ, ಮಾಟ, ಪತ್ತೇದಾರಿ! ಬಾಬಾಸಾಹೇಬರ ಸಂಪುಟ ಓದಿ ಮುಗೀತಾ?” ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕು ಪುಸ್ತಕ ಒಳಗೆ ತುರುಕಿಕೊಂಡೆ. ಕಡಬದ ಬಸ್ಸು ಹತ್ತಿದ ಮೇಲೆ ಸಿಟ್ಟು ಬಂತು. ಅವರ ಮೇಲೂ ಬಂತು, ಬಚ್ಚಿಟ್ಟುಕೊಂಡ ನನ್ನ ಮೇಲೆ ಇನ್ನೂ ಜಾಸ್ತಿ ಬಂತು.

ಆ ಕಥೆಯಲ್ಲಿ ಏನಿದೆ ಅಂತ ಹೇಳ್ತೀನಿ ಕೇಳಿ. ನಾಯಕ ಪೀಟರ್ ಗ್ರಾಂಟ್ ಲಂಡನ್ನಿನ ಕಾನ್‌ಸ್ಟೆಬಲ್. ಅವನ ತಾಯಿ ಸಿಯೆರಾ ಲಿಯೋನ್‌ನಿಂದ ಬಂದವಳು, ಆಫೀಸು ಗುಡಿಸಿ ಒರೆಸುವ ಕೆಲಸದವಳು. ಮಗನನ್ನು ಬೇರೆ ಪೊಲೀಸರ ಕಾಗದಪತ್ರ ತುಂಬೋ ವಿಭಾಗಕ್ಕೆ ಹಾಕೋ ಲೆಕ್ಕಾಚಾರ ನಡೆದಿರುತ್ತೆ. ಇಪ್ಪತ್ತು ವರ್ಷದಿಂದ ಇನ್ನೊಬ್ಬರ ಟಿಪ್ಪಣಿ ಬರೀತಾ ಬಂದಿರೋ ಗುಮಾಸ್ತ ನಾನು, ನನಗೆ ಅಲ್ಲೇ ಚುರುಕ್ ಅಂತು. ಒಂದು ರಾತ್ರಿ ಇವನು ಕೊಲೆಯಾದ ಜಾಗ ಕಾಯ್ತಾ ನಿಂತಿರುವಾಗ, ನೂರು ವರ್ಷಕ್ಕೂ ಹಿಂದೆ ಸತ್ತವನೊಬ್ಬ ಬಂದು ಕೊಲೆ ಕಣ್ಣಾರೆ ನೋಡಿದೆ ಅಂತಾನೆ. ಇವನು ಓಡಿಹೋಗಲ್ಲ. ಹೇಳಿಕೆ ತಗೊಳ್ಳೋಕೆ ನಿಲ್ತಾನೆ!

ಬಸ್ಸಲ್ಲಿ ಜೋರಾಗಿ ನಗು ಬಂತು, ಆಮೇಲೆ ಗಂಟಲು ಕಟ್ಟಿತು. ಕೆಲವು ವರ್ಷದ ಹಿಂದೆ ನಮ್ಮ ಕೇರಿ ಹುಡುಗನೊಬ್ಬನನ್ನು ಕರ್ಕೊಂಡು ಒಂದು ಠಾಣೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಕೂತಿದ್ದೆ. ಸಾಹೇಬ್ರು ಬರಲಿ, ನಾಳೆ ಬನ್ನಿ, ಊರಲ್ಲೇ ರಾಜಿ ಮಾಡ್ಕೊಳ್ಳಿ. ಹುಡುಗನ ತಲೆಗೆ ಟವಲ್ ಸುತ್ತಿತ್ತು, ರಕ್ತ ಒಣಗಿತ್ತು. ಅವನು ಬದುಕಿದ್ದ ಸ್ವಾಮಿ, ಉಸಿರಾಡ್ತಿದ್ದ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಾಯಲ್ಲಿ ಹೇಳಿದ ದೂರನ್ನು ಬರ್ಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸ್ಕೋಬೇಕು. ಎಫ್‌ಐಆರ್ ಹಾಕೋಕೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರಲ್ಲಿ 18ಎ ಸೇರಿಸಿದ್ದೂ ಆಯ್ತು. ಇಷ್ಟೆಲ್ಲಾ ಇದ್ದೂ ಜೀವ ಇರೋನ ಮಾತಿಗೆ ಒಂದು ಹಾಳೆ ಸಿಗಲಿಲ್ಲ. ಇದನ್ನ ಭಾಷಣದಲ್ಲಿ ನೂರು ಸಲ ಹೇಳಿದ್ದೀನಿ. ನಗಿಸೋ ಪುಸ್ತಕ ಓದುವಾಗ ತಾಕಿದ ಹಾಗೆ ಯಾವತ್ತೂ ತಾಕಿರಲಿಲ್ಲ.

ಮೌಢ್ಯ ಅಂತೀರಾ? ಮೌಢ್ಯ ನಿಷೇಧ ಕಾಯ್ದೆ ಬೇಕು ಅಂತ ಬಿಸಿಲಲ್ಲಿ ಕೂತವರಲ್ಲಿ ನಾನೂ ಒಬ್ಬ. ಕಾದಂಬರಿಯ ದೆವ್ವ ಕೋಳಿ ಕೇಳಲ್ಲ, ದಕ್ಷಿಣೆ ಕೇಳಲ್ಲ, ಮಡೆಸ್ನಾನ ಮಾಡಿಸಲ್ಲ. ಸಿದ್ದಲಿಂಗಯ್ಯನವರ ‘ಊರುಕೇರಿ’ಯ ಸ್ಮಶಾನದ ಪ್ರಸಂಗಗಳಿಗೆ ನೀವು ಹೊಟ್ಟೆ ಹಿಡ್ಕೊಂಡು ನಕ್ಕಿಲ್ವಾ? ಆ ಪುಸ್ತಕದ ಬಗ್ಗೆ ಡಿ.ಆರ್. ನಾಗರಾಜ್ ಬರೆದದ್ದಕ್ಕೆ ಹೆಸರೇ ‘ಬಡವರ ನಗುವಿನ ಶಕ್ತಿ’. ನಮ್ಮಪ್ಪ ಅಕ್ಷರ ಕೂಡಿಸಿ ಓದೋದು ಕಲಿತದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ. ಆ ಲೇಖಕರೂ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಮೇಲ್ಜಾತಿ ಓದುಗ ಟೈಂಪಾಸಿಗೆ ಏನು ಓದಿದರೂ ಅಭಿರುಚಿ, ನಾವು ಓದಿದರೆ ಚಳವಳಿಗೆ ದ್ರೋಹ! ನೋವೇ ಓದಬೇಕು, ನೋವೇ ಬರೀಬೇಕು ಅನ್ನೋ ಈ ಕಾನೂನು ಯಾರು ಮಾಡಿದ್ದು?

ಪುಸ್ತಕದಲ್ಲಿ ತಕರಾರು ಇಲ್ಲ ಅಂತಲ್ಲ. ಪೊಲೀಸರನ್ನು ಇಷ್ಟು ಮುದ್ದು ಮಾಡಬಾರದಿತ್ತು. ಆದರೆ ಅದರಲ್ಲಿ ಥೇಮ್ಸ್ ನದಿಯ ದೇವತೆ ಯಾರು ಗೊತ್ತಾ? ನರ್ಸಿಂಗ್ ಓದೋಕೆ ನೈಜೀರಿಯಾದಿಂದ ಬಂದಿದ್ದ ಕಪ್ಪು ಹೆಂಗಸು. ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಕಡಬದ ಕೆರೆಗೆ ಬರೋ ಶಿಂಷೆ ನಮ್ಮ ಕೇರಿಯ ಅಜ್ಜಿಯೊಬ್ಬಳ ರೂಪದಲ್ಲಿ ಏರಿ ಮೇಲೆ ಎಲೆಅಡಿಕೆ ಹಾಕ್ಕೊಂಡು ಕೂತಿದ್ದರೆ? ನೀರು ಮುಟ್ಟಬೇಡ ಅಂದವರ ವಂಶಾವಳಿಯನ್ನೆಲ್ಲ ಬಾಯಿಪಾಠ ಒಪ್ಪಿಸ್ತಿದ್ದರೆ? 1927ರ ಮಹಾಡ್ ಕೆರೆ ಸತ್ಯಾಗ್ರಹವನ್ನು ನಮ್ಮ ಹುಡುಗರಿಗೆ ಆ ಅಜ್ಜಿ ಬಾಯಲ್ಲಿ ಹೇಳಿಸಿದರೆ ನಿದ್ದೆ ಮಾಡದೆ ಕೇಳ್ತಾರೆ. ನಾನು ಬರೆಯೋಕೆ ಶುರು ಮಾಡಿದ್ದೀನಿ, ನಾಲ್ಕು ಪುಟ ಆಗಿದೆ.

ಪುಸ್ತಕ ಸದ್ಯ ನನ್ನ ಮಗಳ ಹತ್ರ ಇದೆ. ಪರೀಕ್ಷೆ ಟೈಮಲ್ಲಿ ಕೊಟ್ರಲ್ಲಾ ಅಂತ ಮನೆಯಲ್ಲಿ ನನಗೆ ಬೈಗುಳ. ಅವಳು ಮುಗಿಸಿದ ಮೇಲೆ ಆ ಹಿರಿಯ ಸಂಗಾತಿಗೆ ಮೊದಲು ಕೊಡ್ತೀನಿ. ಆಮೇಲೆ ಯಾರಿಗೆ ಬೇಕು ಹೇಳಿ.